ಹಳೇ ರೈಲು ನಿಲ್ದಾಣದ ಆ ಕಬ್ಬಿಣದ ಕಂಬ ಯಾಕಿತ್ತು? ಉಗಿ ಇಂಜಿನ್‌ಗೆ ನೀರು ಕುಡಿಸುತ್ತಿದ್ದ ವ್ಯವಸ್ಥೆ ಇದು

ಹಳೇ ರೈಲು ನಿಲ್ದಾಣಗಳ ಪ್ಲಾಟ್‌ಫಾರಂ ತುದಿಗೆ ಹೋಗಿ ನೋಡಿದ್ರೆ, ಕೆಲವು ಕಡೆ ಈಗಲೂ ದಪ್ಪನೆಯ ಕಬ್ಬಿಣದ ಕಂಬವೊಂದು ನಿಂತಿರುತ್ತೆ. ಮೇಲ್ಗಡೆ ಆನೆ ಸೊಂಡಿಲಿನ ಹಾಗೆ ಬಾಗಿದ ಕೊಳವೆ. ಅಲ್ಲೇ ಸ್ವಲ್ಪ ದೂರದಲ್ಲಿ ಎತ್ತರದ ಕಟ್ಟೆ ಮೇಲೆ ತುಕ್ಕು ಹಿಡಿದ ಟ್ಯಾಂಕ್. ಇವತ್ತಿನ ಹುಡುಗರು ಅದನ್ನ ಹಳೇ ಸಿಗ್ನಲ್ ಅಂದುಕೊಳ್ಳೋದೇ ಹೆಚ್ಚು. ಅದು ಸಿಗ್ನಲ್ ಅಲ್ಲ. ಉಗಿ ಇಂಜಿನ್‌ಗೆ ನೀರು ತುಂಬಿಸುತ್ತಿದ್ದ ‘ವಾಟರ್ ಕಾಲಂ’.

ಕಲ್ಲಿದ್ದಲಿಗಿಂತ ನೀರೇ ಜಾಸ್ತಿ

ಉಗಿ ಇಂಜಿನ್ ಅಂದ್ರೆ ಎಲ್ಲರಿಗೂ ನೆನಪಾಗೋದು ಕಲ್ಲಿದ್ದಲು. ಆದರೆ ಮೊದಲು ಖಾಲಿಯಾಗುತ್ತಿದ್ದದ್ದು ನೀರು. ಒಂದು ಕೆಜಿ ಕಲ್ಲಿದ್ದಲು ಉರಿದರೆ ಸುಮಾರು ಆರೇಳು ಲೀಟರ್ ನೀರು ಆವಿಯಾಗುತ್ತಿತ್ತು. ಆ ಆವಿ ಸಿಲಿಂಡರ್‌ನಲ್ಲಿ ಕೆಲಸ ಮುಗಿಸಿ, ಚಿಮಣಿಯಿಂದ ‘ಚುಕ್‌ಬುಕ್’ ಅಂತ ಹೊರಗೆ ಹೋಗಿಬಿಡುತ್ತಿತ್ತು. ಹಾಗೆ ಹೋಗುವಾಗ ಬೆಂಕಿಗೆ ಗಾಳಿ ಎಳೆದುಕೊಡುತ್ತಿತ್ತು, ನಿಜ. ಆದರೆ ನೀರು ವಾಪಸ್ ಸಿಗುತ್ತಿರಲಿಲ್ಲ.

ನಮ್ಮ ಭಾಗದಲ್ಲಿ ಓಡಾಡಿದ ಮೀಟರ್‌ಗೇಜ್‌ನ ವೈಪಿ ಇಂಜಿನ್ ಲೆಕ್ಕ ನೋಡಿ. ಅದರ ಹಿಂದಿನ ಟೆಂಡರ್‌ನಲ್ಲಿ ಹತ್ತಿರ ಹತ್ತಿರ 10 ಟನ್ ಕಲ್ಲಿದ್ದಲು, ಸುಮಾರು 13,600 ಲೀಟರ್ ನೀರು ಹಿಡಿಯುತ್ತಿತ್ತು. ಅಷ್ಟು ಕಲ್ಲಿದ್ದಲು ಪೂರ್ತಿ ಉರಿಯಬೇಕಾದ್ರೆ 60 ಸಾವಿರ ಲೀಟರ್‌ಗಿಂತ ಹೆಚ್ಚು ನೀರು ಬೇಕು. ಅಂದ್ರೆ ಒಂದು ಸಲ ಕಲ್ಲಿದ್ದಲು ತುಂಬಿದರೆ, ನಾಲ್ಕೈದು ಸಲ ನೀರು ತುಂಬಬೇಕು. ಅದಕ್ಕೇ ದಾರಿಯುದ್ದಕ್ಕೂ ನೀರಿನ ನಿಲ್ದಾಣಗಳು ಬೇಕಾದವು.

ಬಾವಿಯಿಂದ ಟ್ಯಾಂಕ್‌ಗೆ, ಟ್ಯಾಂಕ್‌ನಿಂದ ಟೆಂಡರ್‌ಗೆ

ವ್ಯವಸ್ಥೆ ನಮ್ಮ ಊರಿನ ಓವರ್‌ಹೆಡ್ ಟ್ಯಾಂಕ್ ಥರಾನೇ. ಬಾವಿ, ಕೆರೆ ಅಥವಾ ಹೊಳೆಯಿಂದ ಪಂಪ್ ಮಾಡಿ ಎತ್ತರದ ಟ್ಯಾಂಕ್ ತುಂಬಿಸಿಟ್ಟಿರೋದು. ಪಂಪ್ ದಿನವಿಡೀ ನಿಧಾನಕ್ಕೆ ತುಂಬಿಸಿದರೂ ಪರವಾಗಿಲ್ಲ. ಆದರೆ ರೈಲು ಬಂದಾಗ ಕೆಲವೇ ನಿಮಿಷದಲ್ಲಿ ಸಾವಿರಾರು ಲೀಟರ್ ಇಳಿಯಬೇಕು. ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ ನೀರಿಗೆ ಚದರ ಸೆಂ.ಮೀ.ಗೆ ಸುಮಾರು 1 ಕೆಜಿ ಒತ್ತಡ ತಾನಾಗೇ ಸಿಗುತ್ತೆ. ಅಲ್ಲಿಂದ ದಪ್ಪ ಪೈಪ್‌ನಲ್ಲಿ ನೆಲದಡಿ ಹಾದು ಕಂಬಕ್ಕೆ ಬರುತ್ತಿತ್ತು.

ಡ್ರೈವರ್ ಟೆಂಡರ್‌ನ ಬಾಯಿ ಕಂಬದ ನೇರಕ್ಕೆ ಬರೋ ಹಾಗೆ ಇಂಜಿನ್ ನಿಲ್ಲಿಸಬೇಕಿತ್ತು. ಸಿಬ್ಬಂದಿಯಲ್ಲೊಬ್ಬ ಟೆಂಡರ್ ಮೇಲೆ ಹತ್ತಿ, ಕಂಬದ ತೋಳನ್ನ ತಿರುಗಿಸಿ, ಅದರ ತುದಿಯ ಚೀಲದಂಥ ಕೊಳವೆಯನ್ನ ಒಳಗೆ ಇಳಿಬಿಡುತ್ತಿದ್ದ. ಕೆಳಗಡೆ ವಾಲ್ವ್ ತಿರುಗಿಸಿದ್ರೆ ನೀರು ಧೋ ಅಂತ ಬೀಳುತ್ತಿತ್ತು. ಅಷ್ಟು ಹೊತ್ತು ರೈಲು ನಿಲ್ಲುತ್ತೆ ಅಂದ್ರೆ ಕಾಫಿ, ತಿಂಡಿ ಮಾರುವವರಿಗೂ ವ್ಯಾಪಾರ.

ನೀರು ತಪ್ಪಿದರೆ ಅಪಾಯ

ಟೆಂಡರ್ ನೀರನ್ನ ಬಾಯ್ಲರ್‌ಗೆ ನೂಕೋದು ಇನ್ನೊಂದು ಕೆಲಸ. ಮನೆ ಕುಕ್ಕರ್‌ನಲ್ಲಿ ಒತ್ತಡ ಚದರ ಸೆಂ.ಮೀ.ಗೆ ಸುಮಾರು 1 ಕೆಜಿ. ವೈಪಿ ಬಾಯ್ಲರ್‌ನಲ್ಲಿ ಅದು 14 ಕೆಜಿಗೂ ಮೇಲೆ. ಅಷ್ಟು ಒತ್ತಡದ ಎದುರಿಗೆ ನೀರು ನುಗ್ಗಿಸುತ್ತಿದ್ದದ್ದು ‘ಇಂಜೆಕ್ಟರ್’. ಫ್ರಾನ್ಸ್‌ನ ಹೆನ್ರಿ ಜಿಫಾರ್ 1858ರಲ್ಲಿ ರೂಪಿಸಿದ ಈ ಸಾಧನ, ಬಾಯ್ಲರ್‌ನ ಉಗಿಯ ವೇಗದಿಂದಲೇ ನೀರನ್ನ ಒಳಗೆ ತಳ್ಳುತ್ತಿತ್ತು.

ಬೆಂಕಿಗೂಡಿನ ಮೇಲಿನ ತಗಡು ಯಾವಾಗಲೂ ನೀರಲ್ಲಿ ಮುಳುಗಿರಲೇಬೇಕು. ನೀರು ಕೆಳಗಿಳಿದರೆ ತಗಡು ಕೆಂಪಗೆ ಕಾದು, ಮೆತ್ತಗಾಗಿ, ಬಾಯ್ಲರ್ ಸಿಡಿಯೋ ಅಪಾಯ. ಹಾಗಾಗಿ ಅಲ್ಲಿ ಸೀಸ ತುಂಬಿದ ಪ್ಲಗ್ ಇರುತ್ತಿತ್ತು. ನೀರು ಕಡಿಮೆಯಾದ್ರೆ ಸೀಸ ಕರಗಿ, ಉಗಿ ಬೆಂಕಿ ಮೇಲೆ ನುಗ್ಗಿ ಎಚ್ಚರಿಸುತ್ತಿತ್ತು. ಡ್ರೈವರ್, ಫೈರ್‌ಮನ್ ಇಬ್ಬರ ಕಣ್ಣೂ ಗಾಜಿನ ಗೇಜ್ ಮೇಲೇ ಇರುತ್ತಿದ್ದದ್ದು ಇದಕ್ಕೇ. ಅವರ ಜೀವ ಇದ್ದದ್ದು ಆ ಗಾಜಿನ ಕೊಳವೆಯಲ್ಲಿ.

ಗಡಸು ನೀರಿನ ಕಾಟ ಆಗಲೂ ಇತ್ತು

ಬೋರ್‌ವೆಲ್ ನೀರು ಬಳಸೋ ಮನೆಗಳಲ್ಲಿ ಗೀಸರ್‌ನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟೋದು ಗೊತ್ತಲ್ಲ? ಅದೇ ಬಾಯ್ಲರ್ ಕೊಳವೆಗಳಲ್ಲೂ ಕಟ್ಟುತ್ತಿತ್ತು. ಪದರ ಕಟ್ಟಿದಷ್ಟೂ ಶಾಖ ನೀರಿಗೆ ತಲುಪಲ್ಲ, ಕಲ್ಲಿದ್ದಲು ದಂಡ, ಕೊಳವೆ ಬೇಗ ಹಾಳು. ಅದಕ್ಕೆ ಲೋಕೋ ಶೆಡ್‌ನಲ್ಲಿ ಆಗಾಗ ಬಾಯ್ಲರ್ ತಣ್ಣಗೆ ಮಾಡಿ ತೊಳೆಯುತ್ತಿದ್ದರು. ಗಡಸು ನೀರಿರೋ ಕಡೆ ಸುಣ್ಣ ಮತ್ತು ಸೋಡಾ ಬೂದಿ ಬೆರೆಸಿ ನೀರನ್ನ ಮೆದು ಮಾಡುವ ಪದ್ಧತಿಯೂ ಇತ್ತು. ಸುಣ್ಣದಂಶ ತೆಗೆಯೋಕೆ ಸುಣ್ಣವೇ ಮದ್ದು ಅನ್ನೋದು ವಿಚಿತ್ರ ಅನ್ನಿಸಬಹುದು. ಆದರೆ ಹಾಕಿದ ಸುಣ್ಣ, ನೀರಲ್ಲಿ ಕರಗಿರೋ ಲವಣದ ಜೊತೆ ಸೇರಿ ಎರಡೂ ತಳಕ್ಕೆ ಕೂರುತ್ತವೆ.

ನಿಲ್ಲದೇ ನೀರು ತುಂಬಿದವರು

ಬ್ರಿಟನ್‌ನಲ್ಲಿ ಜಾನ್ ರಾಮ್ಸ್‌ಬಾಟಮ್ 1860ರಲ್ಲಿ ಬೇರೆ ದಾರಿ ಹುಡುಕಿದ. ಹಳಿಗಳ ನಡುವೆ ಉದ್ದದ ನೀರಿನ ತೊಟ್ಟಿ ಇಟ್ಟು, ಓಡೋ ಇಂಜಿನ್‌ನಿಂದಲೇ ಸೌಟಿನಂಥ ಸಾಧನ ಇಳಿಸಿ ನೀರು ಮೊಗೆದುಕೊಳ್ಳೋ ಉಪಾಯ. ದಕ್ಷಿಣ ಆಫ್ರಿಕಾದ ಒಣ ಪ್ರದೇಶ ಕರೂನಲ್ಲಿ 1950ರ ದಶಕದಲ್ಲಿ ಬಂದ 90 ಇಂಜಿನ್‌ಗಳು, ಉಗಿಯನ್ನೇ ತಣಿಸಿ ಮತ್ತೆ ನೀರಾಗಿಸಿ ಬಳಸುತ್ತಿದ್ದವು.

ಈಗ ಎಲ್ಲಿ ನೋಡಬಹುದು?

ದೇಶದ ಬ್ರಾಡ್‌ಗೇಜ್ ಹಳಿಗಳಲ್ಲಿ ಉಗಿ ಇಂಜಿನ್‌ಗಳ ನಿತ್ಯದ ಓಡಾಟ 1995ರ ಡಿಸೆಂಬರ್‌ಗೆ ನಿಂತಿತು. ಮೈಸೂರು ಮತ್ತು ಹುಬ್ಬಳ್ಳಿಯ ರೈಲು ಮ್ಯೂಸಿಯಂಗಳಲ್ಲಿ ಹಳೇ ಇಂಜಿನ್‌ಗಳನ್ನ ಹತ್ತಿರದಿಂದ ನೋಡಬಹುದು. ಜೀವಂತವಾಗಿ ನೋಡಬೇಕಂದ್ರೆ ಊಟಿ ರೈಲು ಹತ್ತಬೇಕು. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಏರುವ ಉಗಿ ಇಂಜಿನ್ ದಾರಿ ಮಧ್ಯೆ ಹಿಲ್‌ಗ್ರೋವ್‌ನಲ್ಲಿ ಇವತ್ತಿಗೂ ನೀರು ಕುಡಿಯೋಕೆ ನಿಲ್ಲುತ್ತೆ.

ಕಾಲ ಹೇಗೆ ತಿರುಗುತ್ತೆ ನೋಡಿ. 2016ರ ಏಪ್ರಿಲ್‌ನಲ್ಲಿ ಬರದಿಂದ ಕಂಗೆಟ್ಟ ಮಹಾರಾಷ್ಟ್ರದ ಲಾತೂರಿಗೆ ಮೀರಜ್‌ನಿಂದ ಹೊರಟ ಮೊದಲ ನೀರಿನ ರೈಲು 10 ವ್ಯಾಗನ್‌ಗಳಲ್ಲಿ 5 ಲಕ್ಷ ಲೀಟರ್ ಹೊತ್ತು ಬಂತು. ಒಂದು ಕಾಲಕ್ಕೆ ಊರಿನ ಬಾವಿ, ಕೆರೆ ರೈಲಿಗೆ ನೀರು ಕೊಟ್ಟವು. ಈಗ ಬಾವಿ ಬತ್ತಿದ ಊರಿಗೆ ರೈಲೇ ನೀರು ತರಬೇಕಾಯ್ತು.