ಪಿಕಪ್ ಬಂಡಿಯ ಬಾಗಿಲೂ ಅದರ ರಬ್ಬರಿನ ಅಂಚೂ

ಕೋಲಾರದ ಟೊಮೇಟೊವನ್ನು ಮಾರುಕಟ್ಟೆಗೂ ಮಲೆನಾಡಿನ ಅಡಕೆಯನ್ನು ಮಂಡಿಗೂ ಸಾಗಿಸುವ ಪಿಕಪ್ ಬಂಡಿಯು ಇಂದು ಅನೇಕ ಕುಟುಂಬಗಳ ಅನ್ನಕ್ಕೆ ಆಧಾರವಾಗಿರುವುದು. ಅದರ ಎಂಜಿನನ್ನೂ ಟಯರುಗಳನ್ನೂ ಯಜಮಾನನು ಎಚ್ಚರದಿಂದ ನೋಡಿಕೊಳ್ಳುವನು. ಆದರೆ ಬಾಗಿಲಿನ ಸುತ್ತಲೂ ಕೂರಿಸಿರುವ, ಮೆಕ್ಯಾನಿಕರು ಬೀಡಿಂಗ್ ಎಂದು ಕರೆಯುವ ರಬ್ಬರಿನ ಅಂಚನ್ನು ಗಮನಿಸುವವರು ವಿರಳ. ಮಳೆಗಾಲದಲ್ಲಿ ಕಾಲ ಕೆಳಗಿನ ಮ್ಯಾಟು ಒದ್ದೆಯಾದಾಗಲೇ ಅದರ ನೆನಪು ಬರುವುದು. ಆಗಲೂ, ಹಳೆಯದನ್ನು ಕಿತ್ತು ಹೊಸದನ್ನು ಹಾಕಿಸಿದರಾಯಿತೆಂದು ಹಣ ತೆರುವುದೇ ವಾಡಿಕೆ. ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗಿಂತ ಮೊದಲು ನಿದಾನವನ್ನು ಹೇಳಿರುವರಷ್ಟೆ. ಬಂಡಿಯ ವಿಷಯದಲ್ಲಿಯೂ ಆ ಕ್ರಮವೇ ಶ್ರೇಯಸ್ಕರವಾದುದು.

ಮೊದಲು ಈ ವಸ್ತುವಿನ ಸ್ವಭಾವವನ್ನು ತಿಳಿಯೋಣ. ಮರದ ಹಾಲಿನಿಂದಾದ ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗಿಯೂ ಚಳಿಗೆ ಗಡುಸಾಗಿಯೂ ಕೆಡುವುದು. ಗಂಧಕವನ್ನು ಬೆರೆಸಿ ಕಾಯಿಸಿದರೆ ಅದು ಸ್ಥಿರವಾದ ಸ್ಥಿತಿಸ್ಥಾಪಕತ್ವವನ್ನು ಪಡೆಯುವುದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ೧೮೩೯ರಲ್ಲಿ ಕಂಡುಕೊಂಡು, ೧೮೪೪ರಲ್ಲಿ ಪೇಟೆಂಟ್ ಪಡೆದನು. ಆದರೂ ಗಾಳಿಯಲ್ಲಿರುವ ಓಜೋನ್ ಅನಿಲವು ಅಂತಹ ರಬ್ಬರನ್ನೂ ಕ್ರಮೇಣ ಬಿರುಕುಗೊಳಿಸುವುದು. ಆದಕಾರಣ ಈಗಿನ ವಾಹನಗಳ ಬಾಗಿಲಂಚಿಗೆ ಸಾಮಾನ್ಯವಾಗಿ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರನ್ನು ಬಳಸುವರು. ಇದು ಬಿಸಿಲು, ಮಳೆ, ಓಜೋನ್ ಮೂರನ್ನೂ ಬಹುಕಾಲ ತಾಳಬಲ್ಲುದು. ಆದರೆ ಗ್ರೀಸು, ಸೀಮೆಎಣ್ಣೆ, ಪೆಟ್ರೋಲುಗಳು ತಾಕಿದರೆ ಉಬ್ಬಿ ಕೆಡುವುದು.

ಈ ಅಂಚು ಸವೆಯುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಒಳಗೆ ಪೊಳ್ಳಾದ ಈ ನಳಿಗೆಯು ಮುಚ್ಚಿದ ಬಾಗಿಲಿನ ಒತ್ತಡದಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ಚಪ್ಪಟೆಯಾಗಿಯೇ ಉಳಿಯುವುದು ಮೊದಲನೆಯದು. ಚಾಲಕನು ಹತ್ತಿ ಇಳಿಯುವಾಗ ಪಾದವೂ ಬಟ್ಟೆಯೂ ಉಜ್ಜಿ ಕೆಳಗಿನ ಭಾಗವು ಹರಿಯುವುದು ಎರಡನೆಯದು. ಬಾಗಿಲಿನ ಕೀಲಿನ ಪಿನ್ನು ಸವೆದು ಬಾಗಿಲು ಜೋತುಬಿದ್ದು, ಒಂದೆಡೆ ಅತಿಯಾಗಿ ಒತ್ತಿ ಇನ್ನೊಂದೆಡೆ ಸಂದು ಬಿಡುವುದು ಮೂರನೆಯದು. ಈ ಮೂರನೆಯದರಲ್ಲಿ ತಪ್ಪು ರಬ್ಬರಿನದಲ್ಲ. ಕೀಲನ್ನು ಸರಿಪಡಿಸದೆ ಹೊಸ ಅಂಚನ್ನು ಹಾಕಿಸಿದರೆ ಅದೂ ಬೇಗನೆ ಹಾಳಾಗುವುದು.

ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಾಕು. ಅದನ್ನು ಇಟ್ಟು ಬಾಗಿಲನ್ನು ಮುಚ್ಚಿ ಮೆಲ್ಲನೆ ಎಳೆಯಬೇಕು. ಬಿಗಿಯಾಗಿ ಬಂದರೆ ಅಂಚು ಸರಿಯಾಗಿದೆ. ತಡೆಯಿಲ್ಲದೆ ಜಾರಿದರೆ ಅಲ್ಲಿ ನೀರಿಗೆ ದಾರಿಯುಂಟು. ಹೀಗೆ ಸುತ್ತಲೂ ನೋಡಿದ ಮೇಲೆ ಬಾಗಿಲನ್ನು ಅರೆ ತೆರೆದು, ತುದಿಯನ್ನು ಹಿಡಿದು ಮೇಲಕ್ಕೆತ್ತಿ ನೋಡಬೇಕು. ಗಡಗಡನೆ ಅಲುಗಿದರೆ ದೋಷವು ಕೀಲಿನಲ್ಲಿದೆ. ಇನ್ನೊಂದು ಸಂಗತಿಯೂ ಸ್ಮರಣೀಯ. ಕಿಟಕಿಯ ಗಾಜಿನ ಮೇಲೆ ಇಳಿಯುವ ನೀರಿನಲ್ಲಿ ಸ್ವಲ್ಪ ಬಾಗಿಲಿನೊಳಗೆ ಹೋಗಿಯೇ ಹೋಗುವುದು. ಅದು ಹೊರಬರಲೆಂದು ಬಾಗಿಲಿನ ಅಡಿಯಲ್ಲಿ ರಂಧ್ರಗಳಿರುವುವು. ಅವು ಕೆಸರಿನಿಂದ ಮುಚ್ಚಿಹೋದರೆ ನೀರು ನಿಂತು ಬಾಗಿಲು ಒಳಗಿನಿಂದ ತುಕ್ಕು ಹಿಡಿಯುವುದು. ತೆಳುವಾದ ಕಡ್ಡಿಯಿಂದ ಅವನ್ನು ಬಿಡಿಸುವುದಕ್ಕೆ ಕಾಸಿನ ಖರ್ಚೂ ಇಲ್ಲ.

ರಬ್ಬರೇ ಸವೆದಿದೆಯೆಂದು ನಿಶ್ಚಯವಾದರೆ ಅದೇ ಮಾದರಿಯ ಬಂಡಿಯ ಅಂಚನ್ನೇ ತರಬೇಕು. ಅದು ಕೂರುವ ತಗಡಿನ ಅಂಚಿನ ತುಕ್ಕನ್ನು ಉಜ್ಜಿ ಬಣ್ಣ ಹಚ್ಚಿ, ಆರಿದ ಬಳಿಕ, ಎಳೆದು ಹಿಗ್ಗಿಸದೆ ಅಂಗೈಯಿಂದ ತಟ್ಟಿ ಕೂರಿಸಬೇಕು. ಹಿಗ್ಗಿಸಿ ಹಾಕಿದುದು ಮೂಲೆಗಳಲ್ಲಿ ಮೇಲೆದ್ದುಬಿಡುವುದು. ಮೊದಲ ಕೆಲವು ದಿನ ಬಾಗಿಲನ್ನು ತುಸು ಬಲವಾಗಿ ಮುಚ್ಚಬೇಕಾದೀತು, ಅದು ಸಹಜ. ಅನಂತರ ಆಗಾಗ ಸೋಪಿನ ನೀರಿನಿಂದ ತೊಳೆದು ಒರಸಿ, ಸಿಲಿಕೋನ್ ಲೇಪವನ್ನು ತೆಳುವಾಗಿ ಸವರಿದರೆ ಸಾಕು.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ವಿಚಾರವೇಕೆಂದು ಕೇಳಬಹುದು. ಮ್ಯಾಟಿನ ಅಡಿಯಲ್ಲಿ ನಿಂತ ನೀರು ಯಾರ ಕಣ್ಣಿಗೂ ಬೀಳದೆ ಬಂಡಿಯ ನೆಲದ ತಗಡನ್ನು ತಿನ್ನುವುದು. ಅಲ್ಲಿರುವ ವಿದ್ಯುತ್ ತಂತಿಗಳ ಕೂಡುಗಳನ್ನೂ ಕೆಡಿಸುವುದು. ಮಣ್ಣುರಸ್ತೆಯ ಧೂಳು ಅದೇ ಸಂದಿನಿಂದ ನುಗ್ಗಿ ಚಾಲಕನ ಶ್ವಾಸಕೋಶವನ್ನು ಸೇರುವುದು. ತಗಡನ್ನು ಬೆಸೆಯಿಸುವ ಖರ್ಚಿನ ಮುಂದೆ ಅಂಚಿನ ಬೆಲೆ ಅತ್ಯಲ್ಪ. ಶ್ವಾಸಕ್ಕಂತೂ ಬೆಲೆಯೇ ಇಲ್ಲ. ಆದುದರಿಂದ ಬಂಡಿಯುಳ್ಳ ಗೃಹಸ್ಥರು ಮುಂಗಾರಿಗೆ ಮುನ್ನ ಒಂದು ದಿನ ಮ್ಯಾಟನ್ನು ಎತ್ತಿ ನೋಡತಕ್ಕುದು.