ಕುಂಡದಲ್ಲಿ ಪಾಪ್ಪಿ ಅರಳಲಿ, ಗಸಗಸೆ ಬೇಡ
ಕರಾವಳಿಯ ಸೆಕೆಗೆ ಒಗ್ಗದ ಪಾಪ್ಪಿ ಹೂವನ್ನು ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ ಕಡೆ ನೆಲೆಸಿರುವ ನಾವು ಬೆಳೆಸಬಹುದು. ಇಲ್ಲಿನ ಚಳಿಯೇ ಅದಕ್ಕೆ ಬೇಕು. ಅಕ್ಟೋಬರ್-ನವೆಂಬರಿನಲ್ಲಿ ಬಿತ್ತಿದರೆ ಬೇಸಿಗೆಗೆ ಮುಂಚೆ ಕೆಂಪು, ಗುಲಾಬಿ, ಕಿತ್ತಳೆ ಹೂ ನೋಡಬಹುದು.

ಬೀಜ ತೀರಾ ಸಣ್ಣದು. ಒಣ ಮರಳಿನ ಜೊತೆ ಬೆರೆಸಿ ಮಣ್ಣಿನ ಮೇಲೆ ಉದುರಿಸಿದರೆ ಸಾಕು. ಬೇರು ಕದಲಿದರೆ ಗಿಡ ಸೊರಗುತ್ತದೆ. ಹಾಗಾಗಿ ಹೂ ಬಿಡಬೇಕಾದ ಪಾತಿ ಇಲ್ಲವೇ ಕುಂಡದಲ್ಲೇ ಬಿತ್ತೋಣ. ಬಿಸಿಲು ಬೇಕು, ನೀರು ನಿಲ್ಲಬಾರದು.

ಕುರ್ಮಾ, ಪಾಯಸಕ್ಕೆ ತಂದ ಗಸಗಸೆಯನ್ನು ಮಾತ್ರ ಬಿತ್ತಬೇಡಿ. ಅದು ಅಫೀಮು ಗಿಡದ ಬೀಜ. ತಿನ್ನಲು ಅಡ್ಡಿಯಿಲ್ಲ, ಆದರೆ ಪರವಾನಗಿ ಇಲ್ಲದೆ ಬೆಳೆಸಿದರೆ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ, ಜೈಲೂ ಆಗಬಹುದು. ಬೀಜದಂಗಡಿಯಲ್ಲಿ ಶರ್ಲಿ ಅಥವಾ ಕ್ಯಾಲಿಫೋರ್ನಿಯಾ ಪಾಪ್ಪಿ ಎಂದೇ ಕೇಳಿ, ಪೊಟ್ಟಣದ ಮೇಲಿನ ಹೆಸರು ನೋಡಿಯೇ ತರೋಣ.