ಜವಾರಿಯೂ ಗಿಟಾರಿನ ಪೆಡಲೂ: ತಂತಿಯ ನಾದವನ್ನು ಮಾರ್ಪಡಿಸುವ ಎರಡು ಸಾಧನಗಳು

1. ವಿಷಯ ಪ್ರವೇಶ

ತಂಬೂರಿಯ ಶ್ರುತಿಯನ್ನು ಕೇಳುತ್ತ ಬೆಳೆದ ಧಾರವಾಡ ಸೀಮೆಯ ರಸಿಕರಿಗೆ ವಿದ್ಯುತ್ ಗಿಟಾರಿನ ‘ಫಝ್’ ಎಂಬ ಒರಟು ನಾದವು ಕರ್ಕಶವಾಗಿ ಕೇಳಿಸುವುದು ಸಹಜವೇ ಆಗಿದೆ. ಒಂದು ಧ್ಯಾನಕ್ಕೆ ಹತ್ತಿರವಾದುದು, ಇನ್ನೊಂದು ಗದ್ದಲಕ್ಕೆ ಹತ್ತಿರವಾದುದು ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಈ ಎರಡು ನಾದಗಳ ಹುಟ್ಟನ್ನು ಭೌತಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿದರೆ ಇವುಗಳ ಮೂಲತತ್ತ್ವವು ಒಂದೇ ಎಂಬುದು ಕಂಡುಬರುವುದು. ತಂತಿಯ ಸಹಜ ಕಂಪನಕ್ಕೆ ಬೇಕೆಂದೇ ಒಂದು ಅಡ್ಡಿಯನ್ನು ಒಡ್ಡಿ, ಆ ಅಡ್ಡಿಯಿಂದಲೇ ಹೊಸ ಸ್ವರಾಂಶಗಳನ್ನು ಪಡೆಯುವುದೇ ಆ ತತ್ತ್ವವಾಗಿದೆ. ತಂಬೂರಿಯಲ್ಲಿ ಈ ಕೆಲಸವನ್ನು ಜವಾರಿಯು ಮಾಡುತ್ತದೆ. ಗಿಟಾರಿನಲ್ಲಿ ಪೆಡಲು, ಅಂದರೆ ಗಿಟಾರಿಗೂ ಧ್ವನಿವರ್ಧಕಕ್ಕೂ ನಡುವೆ ನೆಲದ ಮೇಲಿಟ್ಟು ಕಾಲಿನಿಂದ ಒತ್ತಿ ನಡೆಸುವ ಸಣ್ಣ ಪೆಟ್ಟಿಗೆಯು ಮಾಡುತ್ತದೆ. ಇಲ್ಲಿ ‘ಜವಾರಿ’ ಎಂಬುದು ನಮ್ಮ ಕಡೆಯ ಜವಾರಿ ಬೀಜ, ಜವಾರಿ ಕಾಯಿಪಲ್ಲೆಗಳ ಜವಾರಿಯಲ್ಲ. ತಂಬೂರಿಯ ನಾದಕ್ಕೆ ಜೀವ ತುಂಬುವ ಹದಕ್ಕೆ ಸಂಗೀತಗಾರರು ಇಟ್ಟ ಹೆಸರು.

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿ ತಂಬೂರ ಎಂಬ ಗ್ರಾಮವಿದೆ. ಹೆಸರಿನ ಸಾಮ್ಯಮಾತ್ರದಿಂದ ಊರಿಗೂ ವಾದ್ಯಕ್ಕೂ ಸಂಬಂಧವನ್ನು ಕಲ್ಪಿಸುವುದು ಶಾಸ್ತ್ರಸಮ್ಮತವಲ್ಲ. ಆದರೂ ಪ್ರಸ್ತುತ ವಿಷಯದ ಚರ್ಚೆಗೆ ಆ ಪರಿಸರವು ಎರಡು ಕಾರಣಗಳಿಂದ ಉಚಿತವಾಗಿದೆ. ಅದೇ ಜಿಲ್ಲೆಯ ಕುಂದಗೋಳದ ಹೆಸರನ್ನು ಹೊತ್ತ ಸವಾಯಿ ಗಂಧರ್ವರು (1886–1952) ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಮೊದಲಾದವರಿಗೆ ಗುರುಗಳಾಗಿ, ತಂಬೂರಿಯ ನಾದವನ್ನೇ ತಳಹದಿಯಾಗಿ ಉಳ್ಳ ಗಾಯನಪರಂಪರೆಯನ್ನು ಬೆಳೆಸಿದರು. ಎರಡನೆಯದಾಗಿ, ಬಣ್ಣದ ಚಿತ್ರಗಳಿಂದ ಅಲಂಕೃತವಾದ ಕಲಘಟಗಿಯ ಮರದ ತೊಟ್ಟಿಲು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ದಿನಬಳಕೆಯ ವಸ್ತುವನ್ನು ಚೆಲುವಾಗಿಯೂ ಮಾಡಬೇಕೆಂಬ ಆ ದೃಷ್ಟಿಯು ಮುಂದೆ ಹೇಳುವ ಪೆಟ್ಟಿಗೆಗೂ ಅನ್ವಯಿಸುತ್ತದೆ.

2. ಜವಾರಿಯ ಸ್ವರೂಪ

ತಂಬೂರಿಯ ತಂತಿಗಳು ಬುರುಡೆಯ ಮೇಲ್ಭಾಗದಲ್ಲಿರುವ ಕುದುರೆಯನ್ನು ದಾಟಿ ಹೋಗುತ್ತವೆ. ಗಿಟಾರಿನ ಕುದುರೆಯು ತಂತಿಯನ್ನು ಒಂದು ತೀಕ್ಷ್ಣವಾದ ಅಂಚಿನಲ್ಲಿ ತಡೆದು ನಿಲ್ಲಿಸಿದರೆ, ತಂಬೂರಿಯ ಕುದುರೆಯು ಅಗಲವಾಗಿದ್ದು ಅದರ ಮೈ ಬಹು ಸೂಕ್ಷ್ಮವಾಗಿ ಬಾಗಿರುತ್ತದೆ. ತಂತಿಯು ಕಂಪಿಸುವಾಗ ಪ್ರತಿಯೊಂದು ಆವೃತ್ತಿಯಲ್ಲಿಯೂ ಆ ಬಾಗಿದ ಮೈಯನ್ನು ಸವರಿ ಏಳುತ್ತದೆ. ತಂತಿಗೂ ಕುದುರೆಗೂ ನಡುವೆ ಹತ್ತಿಯ ಅಥವಾ ರೇಷ್ಮೆಯ ಒಂದು ಎಳೆಯನ್ನಿಟ್ಟು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ, ಒಂದು ನಿರ್ದಿಷ್ಟ ನೆಲೆಯಲ್ಲಿ ನಾದವು ಫಕ್ಕನೆ ತೆರೆದುಕೊಳ್ಳುವುದು. ಇದನ್ನೇ ಜವಾರಿ ತೆರೆಯುವುದು ಎನ್ನುತ್ತಾರೆ.

ಈ ನಾದದ ವೈಶಿಷ್ಟ್ಯವನ್ನು ಶಾಸ್ತ್ರೀಯವಾಗಿ ಮೊದಲು ಲೋಕಕ್ಕೆ ತೋರಿಸಿಕೊಟ್ಟವರು ಸಿ. ವಿ. ರಾಮನ್ನರು. ಮುಂದೆ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಅವರು, ಕಲ್ಕತ್ತೆಯಲ್ಲಿದ್ದಾಗಲೇ 1921ರಲ್ಲಿ ತಂಬೂರಿ ಮತ್ತು ವೀಣೆಗಳನ್ನು ಕುರಿತು ಒಂದು ಪ್ರಬಂಧವನ್ನು ಬರೆದರು. ತಂತಿಯು ಮೂಲಸ್ವರದೊಡನೆ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನಸಂಖ್ಯೆಯುಳ್ಳ ಉಪಸ್ವರಗಳನ್ನೂ ನುಡಿಯುತ್ತದೆ. ಯಾವ ಉಪಸ್ವರಕ್ಕೆ ತಂತಿಯ ಮೇಲಿನ ಒಂದು ಬಿಂದುವು ನಿಶ್ಚಲಬಿಂದುವೋ, ಆ ಬಿಂದುವಿನಲ್ಲಿಯೇ ಮೀಟಿದರೆ ಆ ಉಪಸ್ವರವು ಹುಟ್ಟಲಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ನಿಯಮ. ತಂಬೂರಿಯಲ್ಲಿ ಈ ನಿಯಮವು ಸುಳ್ಳಾಗುವುದನ್ನೂ, ಹುಟ್ಟಬಾರದ ಉಪಸ್ವರಗಳು ಸ್ಫುಟವಾಗಿ ಕೇಳಿಸುವುದನ್ನೂ ರಾಮನ್ನರು ಗಮನಿಸಿದರು. ಬಾಗಿದ ಕುದುರೆಯ ಸವರುವಿಕೆಯಿಂದ ಒಂದು ಕಂಪನದ ಶಕ್ತಿಯು ಮತ್ತೊಂದಕ್ಕೆ ಹರಿಯುವುದೇ ಇದರ ಕಾರಣ. ಕೇವಲ ಷಡ್ಜಕ್ಕೆ ಹೂಡಿದ ತಂತಿಯಲ್ಲಿ ಐದನೆಯ ಉಪಸ್ವರವಾಗಿ ಗಾಂಧಾರವು ತಾನೇ ಕೇಳಿಬರುವುದನ್ನು ಗಾಯಕರು ಬಲ್ಲರು.

3. ಪೆಡಲಿನ ಹುಟ್ಟು

ಗಿಟಾರಿನ ಒರಟು ನಾದವೂ ಇಂತಹ ಒಂದು ‘ದೋಷ’ದಿಂದಲೇ ಹುಟ್ಟಿತು. 1958ರಲ್ಲಿ ಅಮೆರಿಕದ ಲಿಂಕ್ ರೇ ಎಂಬ ವಾದಕನು ತನ್ನ ಧ್ವನಿವರ್ಧಕದ ಕಾಗದದ ಶಂಕುವಿಗೆ ತೂತುಗಳನ್ನು ಕೊರೆದು ಅಂತಹ ನಾದವನ್ನು ಪಡೆದನು. ಆಮೇಲೆ ನ್ಯಾಶ್‌ವಿಲ್ ನಗರದ ಒಂದು ಧ್ವನಿಮುದ್ರಣದಲ್ಲಿ ಯಂತ್ರವು ಕೆಟ್ಟು ಗ್ರೇಡಿ ಮಾರ್ಟಿನ್ನನ ವಾದನವು ಒಡಕು ದನಿಯಲ್ಲಿ ಮುದ್ರಿತವಾಯಿತು. ಕೇಳಿದವರು ಅದನ್ನು ಮೆಚ್ಚಿದರು. ಆ ಧ್ವನಿಮುದ್ರಣದ ಇಂಜಿನಿಯರ್ ಗ್ಲೆನ್ ಸ್ನಾಡಿಯು ಅದೇ ಪರಿಣಾಮವನ್ನು ಟ್ರಾನ್ಸಿಸ್ಟರುಗಳಿಂದ ಬೇಕೆಂದಾಗ ಪಡೆಯುವ ಮಂಡಲವನ್ನು ರಚಿಸಿದನು. 1962ರಲ್ಲಿ ‘ಮೇಸ್ಟ್ರೋ ಫಝ್-ಟೋನ್’ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂದಿತು. ಅಂದಿನಿಂದಲೂ ಈ ಪೆಟ್ಟಿಗೆಗಳನ್ನು ಕೊಳ್ಳುವವರ ಜೊತೆಗೆ ಮನೆಯಲ್ಲಿಯೇ ಕಟ್ಟಿಕೊಳ್ಳುವವರೂ ಇದ್ದಾರೆ; ಮಂಡಲವು ಅಷ್ಟು ಸರಳವಾಗಿದೆ.

4. ಕಟ್ಟುವ ಕ್ರಮ

ಕಾಲೇಜಿನ ಪ್ರಯೋಗಶಾಲೆಯಲ್ಲಿ ಸುಲಭವಾಗಿ ಕಟ್ಟಬಹುದಾದ ಒಂದು ಮಾದರಿಯನ್ನು ಇಲ್ಲಿ ವಿವರಿಸಲಾಗುವುದು. ಗಿಟಾರಿನಿಂದ ಬರುವ ಸಂಕೇತವು ಸಾಮಾನ್ಯವಾಗಿ 0.1 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಇದನ್ನು 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿನ ಮೂಲಕ 741 ಎಂಬ ಆಪರೇಷನಲ್ ಆಂಪ್ಲಿಫೈಯರಿನ ಧನ ಪ್ರವೇಶಕ್ಕೆ ಕೊಡಬೇಕು. 9 ವೋಲ್ಟಿನ ಬ್ಯಾಟರಿಯ ಎರಡು ತುದಿಗಳ ನಡುವೆ ತಲಾ 10 ಕಿಲೋ ಓಮಿನ ಎರಡು ರೋಧಕಗಳನ್ನು ಸಾಲಾಗಿ ಜೋಡಿಸಿದರೆ ಅವುಗಳ ನಡುವೆ 4.5 ವೋಲ್ಟು ದೊರೆಯುತ್ತದೆ. ಆ ಮಧ್ಯಬಿಂದುವನ್ನು 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿನಿಂದ ಬ್ಯಾಟರಿಯ ಋಣತುದಿಗೆ, ಅಂದರೆ ಮಂಡಲದ ನೆಲತಂತಿಗೆ ಕಟ್ಟಿ, 470 ಕಿಲೋ ಓಮ್ ರೋಧಕದ ಮೂಲಕ ಧನ ಪ್ರವೇಶಕ್ಕೆ ಸೇರಿಸಬೇಕು. ನಿರ್ಗಮದಿಂದ ಋಣ ಪ್ರವೇಶಕ್ಕೆ 220 ಕಿಲೋ ಓಮ್ ರೋಧಕವನ್ನೂ, ಋಣ ಪ್ರವೇಶದಿಂದ ನೆಲತಂತಿಗೆ 10 ಕಿಲೋ ಓಮ್ ರೋಧಕ ಹಾಗೂ 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರುಗಳನ್ನು ಸಾಲಾಗಿಯೂ ಜೋಡಿಸಿದರೆ ಸಂಕೇತವು ಸುಮಾರು 23 ಪಟ್ಟು ಹಿಗ್ಗಿ 2.3 ವೋಲ್ಟಿನಷ್ಟಾಗುವುದು.

ಇಲ್ಲಿಯವರೆಗೆ ನಾದವು ಹಿಗ್ಗಿದೆಯೇ ಹೊರತು ಮಾರ್ಪಟ್ಟಿಲ್ಲ. ನಿರ್ಗಮದಿಂದ 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರು ಮತ್ತು 1 ಕಿಲೋ ಓಮ್ ರೋಧಕಗಳ ಮೂಲಕ ಹೊರಟ ಸಂಕೇತಕ್ಕೂ ನೆಲತಂತಿಗೂ ನಡುವೆ 1ಎನ್4148 ಜಾತಿಯ ಎರಡು ಡಯೋಡುಗಳನ್ನು ಒಂದಕ್ಕೊಂದು ವಿರುದ್ಧಮುಖವಾಗಿ ಕಟ್ಟಬೇಕು. ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟಿನವರೆಗೆ ವಿದ್ಯುತ್ತನ್ನು ಬಿಡುವುದಿಲ್ಲ. ಅದನ್ನು ಮೀರಿದೊಡನೆ ಬಾಗಿಲು ತೆರೆದಂತೆ ಬಿಟ್ಟುಬಿಡುತ್ತದೆ. ಆದುದರಿಂದ ಅಲೆಯ ನೆತ್ತಿಯೂ ತಗ್ಗೂ ಕತ್ತರಿಸಿ ಚಪ್ಪಟೆಯಾಗುತ್ತವೆ. ಕೊನೆಯಲ್ಲಿ 100 ಕಿಲೋ ಓಮಿನ ತಿರುಗುಣಿಯನ್ನಿಟ್ಟು ನಾದದ ಪ್ರಮಾಣವನ್ನು ನಿಯಂತ್ರಿಸಬೇಕು. ಕಾಲಿನಿಂದ ಒತ್ತುವ ಸ್ವಿಚ್ಚು, ಸಂಕೇತವನ್ನು ಮಂಡಲದ ಮೂಲಕವೋ ನೇರವಾಗಿಯೋ ಕಳಿಸುತ್ತದೆ. ಸಿಲಿಕಾನಿಗೆ ಬದಲಾಗಿ ಜರ್ಮೇನಿಯಮ್ ಡಯೋಡುಗಳನ್ನಿಟ್ಟರೆ ಸುಮಾರು 0.3 ವೋಲ್ಟಿನಲ್ಲಿಯೇ ಕತ್ತರಿಕೆಯು ಆರಂಭವಾಗಿ, ಅದು ಇನ್ನೂ ಮೆಲ್ಲಗೆ ನಡೆಯುವುದರಿಂದ ನಾದವು ಕೊಂಚ ಮೃದುವಾಗುವುದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1960ರ ದಶಕದಲ್ಲಿ ಜರ್ಮೇನಿಯಮ್ ಸಾಧನಗಳನ್ನು ತಯಾರಿಸುತ್ತಿತ್ತು. ಹಳೆಯ ರೇಡಿಯೋಗಳಲ್ಲಿ ಅಂತಹವು ಈಗಲೂ ದೊರೆಯುವುದುಂಟು. ಈ ಪ್ರಯೋಗಕ್ಕೆ ಬ್ಯಾಟರಿಯನ್ನಲ್ಲದೆ ಮನೆಯ ವಿದ್ಯುತ್ತನ್ನು ವಿದ್ಯಾರ್ಥಿಗಳು ಎಂದಿಗೂ ಬಳಸಕೂಡದು.

5. ಸಾಮ್ಯ ಮತ್ತು ಭೇದ

ಡಯೋಡಿನ 0.6 ವೋಲ್ಟಿನ ಹೊಸ್ತಿಲು ತಂಬೂರಿಯ ಕುದುರೆಯಂತೆ. ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬ ಹದವು ಎಳೆಯ ಸರಿಸಾಟದಂತೆ. ಎರಡರಲ್ಲಿಯೂ ಕಂಪನವು ದೊಡ್ಡದಿರುವಾಗ ಅಡ್ಡಿಯು ಹೆಚ್ಚು. ಕಂಪನವು ಕುಗ್ಗುತ್ತ ಬಂದಂತೆ ಉಪಸ್ವರಗಳ ಬಣ್ಣವು ಬದಲಾಗುತ್ತ ಹೋಗುತ್ತದೆ.

ಆದರೆ ಒಂದು ಮುಖ್ಯ ಭೇದವಿದೆ. ತಂಬೂರಿಯ ಪ್ರತಿಯೊಂದು ತಂತಿಯೂ ಕುದುರೆಯನ್ನು ತಾನೇ ಸವರುತ್ತದೆ, ಪ್ರತಿಯೊಂದಕ್ಕೂ ಬೇರೆ ಎಳೆಯಿದೆ. ಪೆಡಲಿನಲ್ಲಿಯಾದರೋ ಆರು ತಂತಿಗಳ ನಾದವೂ ಬೆರೆತು ಒಂದೇ ಜೋಡಿ ಡಯೋಡುಗಳನ್ನು ಹಾಯಬೇಕಾಗಿದೆ. ಆಗ ತಂತಿಗಳು ನುಡಿಯದ ಹೊಸ ಸ್ವರಗಳು ಹುಟ್ಟುತ್ತವೆ. ಅವುಗಳಲ್ಲಿ ಮುಖ್ಯವಾದವು, ಒಂದು ಸ್ವರದ ಕಂಪನಸಂಖ್ಯೆಯ ಇಮ್ಮಡಿಯಿಂದ ಇನ್ನೊಂದನ್ನು ಕಳೆದಾಗ ಬರುವಂತಹವು. 110ರ ಷಡ್ಜವನ್ನೂ 165ರ ಪಂಚಮವನ್ನೂ ಒಟ್ಟಿಗೆ ನುಡಿಸಿದರೆ 55 ಮತ್ತು 220 ಹುಟ್ಟುತ್ತವೆ. ಒಂದು ಮಂದ್ರದ ಷಡ್ಜ, ಇನ್ನೊಂದು ತಾರದ ಷಡ್ಜ. ಅರ್ಥಾತ್ ಷಡ್ಜ ಪಂಚಮಗಳು ಪೆಡಲಿನಲ್ಲಿ ಪರಸ್ಪರ ಪೋಷಕವಾಗುತ್ತವೆ. ತಂಬೂರಿಯನ್ನು ಹೂಡುವ ಸ್ವರಗಳೂ ಬಹುಮಟ್ಟಿಗೆ ಇವೇ.

ಷಡ್ಜದೊಡನೆ ಗಾಂಧಾರವನ್ನು ನುಡಿಸಿದರೆ ಏನಾಗುವುದೆಂಬುದೂ ವಿಚಾರಯೋಗ್ಯವಾಗಿದೆ. ಶುದ್ಧ ಪ್ರಮಾಣದ ಗಾಂಧಾರವು 137.5 ಆಗಿದ್ದು, ಹುಟ್ಟುವ ಸ್ವರಗಳು 82.5 ಮತ್ತು 165, ಎರಡೂ ಪಂಚಮಗಳೇ. ಆದರೆ ಗಿಟಾರಿನ ಮೆಟ್ಟುಗಳು ಸಪ್ತಕವನ್ನು 12 ಸಮಭಾಗಗಳಾಗಿ ಹಂಚುವುದರಿಂದ ಅಲ್ಲಿಯ ಗಾಂಧಾರವು ಸುಮಾರು 138.6 ಆಗಿರುತ್ತದೆ. ಆಗ ಹುಟ್ಟುವವು 81.4 ಮತ್ತು 167.2, ಇವು ಪಂಚಮದಿಂದ ಜಾರಿದ ಸ್ವರಗಳು. ಕಿವಿಗೆ ಕೇಳುವ ಕರ್ಕಶತೆಯ ಒಂದು ದೊಡ್ಡ ಭಾಗವು ಹೀಗೆ ಬಂದುದು. ದೋಷವು ಮೆಟ್ಟಿನದು, ಪೆಡಲು ಅದನ್ನು ಮರೆಮಾಚದೆ ಎತ್ತಿ ತೋರಿಸುತ್ತದೆ.

6. ಪೆಟ್ಟಿಗೆ ಮತ್ತು ಅಲಂಕಾರ

ಮಂಡಲವನ್ನು ಅಲ್ಯೂಮಿನಿಯಮ್ ಪೆಟ್ಟಿಗೆಯಲ್ಲಿಡುವುದು ವಾಡಿಕೆ. ಸುತ್ತಲಿನ ವಿದ್ಯುತ್ ತಂತಿಗಳಿಂದ ಬರುವ 50 ಕಂಪನಗಳ ಗುಂಯ್‌ಗುಡುವಿಕೆಯನ್ನು ಲೋಹವು ತಡೆಯುತ್ತದೆ. ಕಟ್ಟುವವರು ಈ ಪೆಟ್ಟಿಗೆಗೆ ತಮಗೆ ಬೇಕಾದ ಬಣ್ಣವನ್ನು ಬಳಿದು ಚಿತ್ರಗಳನ್ನು ಬರೆಯುತ್ತಾರೆ. ಕಲಘಟಗಿಯ ಚಿತ್ರಗಾರರು ತೇಗದ ತೊಟ್ಟಿಲಿನ ಮೇಲೆ ಅರಗು ಬೆರೆಸಿದ ಬಣ್ಣಗಳಿಂದ ಕೃಷ್ಣಲೀಲೆ, ರಾಮಾಯಣಗಳ ಪ್ರಸಂಗಗಳನ್ನೂ ಬಳ್ಳಿ ಹೂಗಳನ್ನೂ ಬರೆಯುವ ಕ್ರಮವನ್ನು ಇಲ್ಲಿಗೂ ತರಲು ಅಡ್ಡಿಯಿಲ್ಲ. ಮರದ ಪೆಟ್ಟಿಗೆಯನ್ನೇ ಆರಿಸಿಕೊಂಡರೆ ಅದರ ಒಳಮೈಗೆ ತಾಮ್ರದ ತೆಳುಹಾಳೆಯನ್ನು ಅಂಟಿಸಿ ನೆಲತಂತಿಗೆ ಬೆಸೆಯಬೇಕು. ಲೋಹದ ಪೆಟ್ಟಿಗೆಯಾದರೆ ಮೈಯನ್ನು ಮರಳುಕಾಗದದಿಂದ ಉಜ್ಜಿ, ಅಸ್ತರಿನ ಬಣ್ಣವನ್ನು ಹಚ್ಚಿದ ಮೇಲೆಯೇ ಚಿತ್ರವನ್ನು ಬರೆಯಬೇಕು. ಪ್ಲಗ್ಗನ್ನು ಸಿಕ್ಕಿಸುವ ತೂತುಗಳ ಒಳ ಅಂಚಿಗೆ ಬಣ್ಣವು ತಾಗಕೂಡದು. ಬಣ್ಣವು ವಿದ್ಯುತ್ತನ್ನು ತಡೆಯುವುದರಿಂದ ಪೆಟ್ಟಿಗೆಗೂ ನೆಲತಂತಿಗೂ ಸಂಪರ್ಕವು ತಪ್ಪಿ ಗುಂಯ್‌ಗುಡುವಿಕೆಯು ಮರಳಿ ಬರುವುದು. ಅರಗು ಬಿಸಿಗೆ ಕರಗುವ ವಸ್ತುವಾದ್ದರಿಂದ ಮೊದಲು ತೂತು, ಆಮೇಲೆ ಬಣ್ಣ. ಬೆಸುಗೆಯ ಕೆಲಸವನ್ನು ಹೊರಗೇ ಮುಗಿಸಿ ಕೊನೆಯಲ್ಲಿ ಮಂಡಲವನ್ನು ಒಳಗೆ ಕೂಡಿಸುವುದು ಯುಕ್ತ.

7. ಒಂದು ಪ್ರಯೋಗ ಮತ್ತು ಉಪಸಂಹಾರ

ರಾಮನ್ನರ ವಿಚಾರವನ್ನು ವಿದ್ಯಾರ್ಥಿಗಳು ಈ ಪೆಟ್ಟಿಗೆಯಿಂದಲೇ ಮುಂದುವರಿಸಿ ನೋಡಬಹುದು. ಗಿಟಾರಿನ ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ 2, 4, 6ನೆಯ ಉಪಸ್ವರಗಳು ಬಹುಮಟ್ಟಿಗೆ ಇಲ್ಲವಾಗುತ್ತವೆ. ಎರಡು ಡಯೋಡುಗಳು ಅಲೆಯನ್ನು ಮೇಲೂ ಕೆಳಗೂ ಸಮವಾಗಿ ಕತ್ತರಿಸುವುದರಿಂದ 3, 5, 7ನೆಯವು ಬಲಗೊಳ್ಳುತ್ತವೆಯೇ ಹೊರತು ಸಮಸಂಖ್ಯೆಯವು ಹುಟ್ಟುವುದಿಲ್ಲ. ಈಗ ಒಂದು ಡಯೋಡನ್ನು ತೆಗೆದುಹಾಕಿ ಮತ್ತೆ ಮೀಟಬೇಕು. ಕತ್ತರಿಕೆಯು ಒಂದೇ ಬದಿಯದಾಗಿ, ಇಲ್ಲದಿದ್ದ ಸಮಸಂಖ್ಯೆಯ ಉಪಸ್ವರಗಳು ಮೂಡಿಬರುವುವು. ಉಪಸ್ವರಗಳನ್ನು ಬಿಡಿಸಿ ತೋರಿಸುವ ತಂತ್ರಾಂಶವು ಈಗ ಕೈಫೋನಿನಲ್ಲಿಯೇ ದೊರೆಯುವುದರಿಂದ ಇದಕ್ಕೆ ಬೆಲೆಬಾಳುವ ಉಪಕರಣಗಳ ಅಗತ್ಯವಿಲ್ಲ.

ಇಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣರು 1979ರಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದರು. ಒಂಟಿಯಾಗಿ ಅಭ್ಯಾಸ ಮಾಡುವ ಅಸಂಖ್ಯ ವಿದ್ಯಾರ್ಥಿಗಳಿಗೆ ಅದರಿಂದ ಉಪಕಾರವಾಗಿದೆ. ಆದರೆ ಗುಂಡಿಯೊತ್ತಿದೊಡನೆ ಬರುವ ನಾದವನ್ನಷ್ಟೇ ಕೇಳಿದವನಿಗೆ, ಎಳೆಯನ್ನು ಸರಿಸಿ ನಾದವನ್ನು ಹುಡುಕುವ ಕಿವಿಯು ಬರುವುದು ಕಷ್ಟ. ಮಿರಜದ ಕುಶಲಕರ್ಮಿಗಳು ಕುದುರೆಯನ್ನು ಅರದಿಂದ ಉಜ್ಜುತ್ತ, ಆಲಿಸುತ್ತ, ಮತ್ತೆ ಉಜ್ಜುತ್ತ ಸಾಧಿಸುವ ಹದವು ಅಂತಹ ಕಿವಿಯ ಫಲವಾಗಿದೆ. ಕೇಳುವವರು ಇಲ್ಲವಾದರೆ ಆ ವಿದ್ಯೆಯೂ ಉಳಿಯಲಾರದು. ಪೆಡಲನ್ನು ಕೈಯಾರೆ ಕಟ್ಟುವ ವಿದ್ಯಾರ್ಥಿಯು ಡಯೋಡನ್ನು ಬದಲಿಸಿ, ರೋಧಕವನ್ನು ಬದಲಿಸಿ, ಪ್ರತಿಸಲವೂ ಕಿವಿಗೊಟ್ಟು ಕೇಳಬೇಕಾಗುತ್ತದೆ. ಈ ಅಭ್ಯಾಸವು ಜವಾರಿಯ ಅಭ್ಯಾಸಕ್ಕೆ ಬಹಳ ಹತ್ತಿರವಾದುದು. ಸಂಗೀತವೂ ಭೌತಶಾಸ್ತ್ರವೂ ಎರಡೂ ಬೋಧಿಸಲ್ಪಡುವ ಕಾಲೇಜುಗಳಲ್ಲಿ ಒಂದು ತಂಬೂರಿಯನ್ನೂ ವಿದ್ಯಾರ್ಥಿಗಳೇ ಕಟ್ಟಿದ ಒಂದು ಪೆಟ್ಟಿಗೆಯನ್ನೂ ಒಂದೇ ಮೇಜಿನ ಮೇಲಿಟ್ಟು ಪಾಠ ಹೇಳಿದರೆ, ಎರಡೂ ಶಾಸ್ತ್ರಗಳಿಗೆ ಅದರಿಂದ ಪ್ರಯೋಜನವಾಗುವುದು.